ಸದಾ ಚಾರ್ಜರ್‌ನಲ್ಲೇ ಇರುವ ಲ್ಯಾಪ್‌ಟಾಪ್‌ಗೆ 80ರ ಮಿತಿ

ಮನೆಯಲ್ಲೇ ಕೂತು ಅಂಗಡಿಗಳ ಲೆಕ್ಕ ಬರೆಯುವ ಕೆಲಸ ನನ್ನದು. ಹಳೇ ಲ್ಯಾಪ್‌ಟಾಪ್ ಮೂರು ವರ್ಷ ಚಾರ್ಜರ್‌ನಲ್ಲೇ ಇತ್ತು. ಒಂದು ದಿನ ಟಚ್‌ಪ್ಯಾಡ್ ಒತ್ತಲು ಆಗಲಿಲ್ಲ. ನೋಡಿದರೆ ಕೆಳಗೆ ಬ್ಯಾಟರಿ ಉಬ್ಬಿತ್ತು! ಹೀಗೆ ಕಂಡರೆ ತಕ್ಷಣ ಚಾರ್ಜರ್ ತೆಗೆದು ಆಫ್ ಮಾಡಿ. ಚುಚ್ಚಬೇಡಿ, ಒತ್ತಬೇಡಿ. ರಿಪೇರಿಯವರಿಗೆ ತೋರಿಸಿ.

ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿಕೊಂಡು ಬಿಸಿಯಲ್ಲೇ ಇದ್ದರೆ ಬೇಗ ಸವೆಯುತ್ತದೆ. ದಾವಣಗೆರೆಯ ಬೇಸಿಗೆ ಗೊತ್ತಲ್ವಾ? ಅದಕ್ಕೇ ಹೊಸದಕ್ಕೆ ಮೊದಲ ದಿನವೇ ಚಾರ್ಜ್ 80%ಗೆ ನಿಲ್ಲುವಂತೆ ಮಿತಿ ಹಾಕಿದೆ. ಆಸುಸ್‌ನಲ್ಲಿ ಮೈಆಸುಸ್, ಲೆನೊವೊದಲ್ಲಿ ವ್ಯಾಂಟೇಜ್ ಆ್ಯಪ್ ತೆರೆದು ಬ್ಯಾಟರಿ ಸೆಟ್ಟಿಂಗ್ ಹುಡುಕಿ. ಡೆಲ್, ಎಚ್‌ಪಿಯ ಎಷ್ಟೋ ಮಾಡೆಲ್‌ಗಳಲ್ಲಿ ಇದು ಬಯೋಸ್ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪುಟ) ಒಳಗಿರುತ್ತದೆ.

ಹಾಸಿಗೆ ಮೇಲಿಟ್ಟು ಕೆಲಸ ಮಾಡಬೇಡಿ, ಗಾಳಿಕಿಂಡಿ ಮುಚ್ಚಿ ಬಿಸಿ ಜಾಸ್ತಿಯಾಗುತ್ತದೆ. ಪ್ರಯಾಣದ ಹಿಂದಿನ ರಾತ್ರಿ ಮಾತ್ರ ನಾನು 100%ಗೆ ತುಂಬಿಸುತ್ತೇನೆ.