ಮರಗಳ ಪರಾಗದ ಅಲರ್ಜಿ: ನಿಮ್ಮನ್ನು ಕಾಡುವ ಋತುವನ್ನು ಗುರುತಿಸುವುದು ಹೇಗೆ?

ಸಂಕ್ರಾಂತಿಯಿಂದ ಯುಗಾದಿಯವರೆಗಿನ ಒಣಹವೆಯಲ್ಲಿ ಬೆಂಗಳೂರಿನ ಅನೇಕರಿಗೆ ಜ್ವರವಿಲ್ಲದೆಯೇ ಸಾಲುಸಾಲಾಗಿ ಸೀನು ಬರುತ್ತದೆ, ಮೂಗು ಸೋರುತ್ತದೆ, ಕಣ್ಣು ತುರಿಸುತ್ತದೆ. ಅದೇ ದಿನಗಳಲ್ಲಿ ರಸ್ತೆಬದಿಯ ಟಬೂಬಿಯಾ ಮೈತುಂಬ ಹೂಬಿಟ್ಟು ನಿಲ್ಲುವುದರಿಂದ ದೂರು ಅದರ ಮೇಲೆ ಬೀಳುತ್ತದೆ. ನನ್ನ ದೃಷ್ಟಿಯಲ್ಲಿ ಇದು ಬಹುಮಟ್ಟಿಗೆ ಅನ್ಯಾಯ. ಟಬೂಬಿಯಾ, ಹೊಂಗೆ, ಗುಲ್‌ಮೊಹರ್‌ನಂತಹ ಮರಗಳ ಪರಾಗವನ್ನು ಸಾಗಿಸುವುದು ಮುಖ್ಯವಾಗಿ ಜೇನ್ನೊಣದಂತಹ ಜೀವಿಗಳು. ಅಂಟುಳ್ಳ ಆ ಪರಾಗ ಗಾಳಿಯಲ್ಲಿ ದೂರ ತೇಲುವುದು ಕಡಿಮೆ. ಗಮನಿಸಬೇಕಾದವು ಕಣ್ಣಿಗೆ ಬೀಳದಂತೆ ಹೂಬಿಟ್ಟು, ಹಗುರವಾದ ಪರಾಗವನ್ನು ಗಾಳಿಗೆ ಒಪ್ಪಿಸುವ ಮರಗಳು. ಎಲೆ ಉದುರಿದ ಬೋಳು ಕೊಂಬೆಗಳ ಮೇಲೆ ಸಣ್ಣ ಹೂಗೊಂಚಲು ಬಿಡುವ ತಪಸಿ ಮರ ಇವುಗಳಲ್ಲಿ ಪ್ರಮುಖವಾದುದು; ದೆಹಲಿಯ ವಸಂತಕಾಲದ ಅಲರ್ಜಿಯಲ್ಲೂ ಇದರ ಪಾಲು ದೊಡ್ಡದು. ತೋಪುಗಳಲ್ಲಿ ಬೆಳೆಸುವ ಗಾಳಿಮರ ಮತ್ತು ಬಯಲುಸೀಮೆಯ ಬಳ್ಳಾರಿ ಜಾಲಿಯ ಪರಾಗವೂ ಅಲರ್ಜಿಕಾರಕವೇ.

ಆದ್ದರಿಂದ ಮೊದಲು ಒಂದು ದಿನಚರಿ ಪುಸ್ತಕವನ್ನು ಇಡಿ. ಸೀನು, ತುರಿಕೆ, ಉಬ್ಬಸ ಇವು ಯಾವ ದಿನ, ಯಾವ ಹೊತ್ತಿನಲ್ಲಿ, ಎಲ್ಲಿದ್ದಾಗ ಹೆಚ್ಚಾದವು ಎಂಬುದನ್ನು ಬರೆದುಕೊಳ್ಳುವುದರ ಜೊತೆಗೆ, ಅಂದಿನ ಗಾಳಿ, ಬಿಸಿಲು, ಮಳೆ ಮತ್ತು ಮನೆಯ ಸುತ್ತಲಿನ ಯಾವ ಮರ ಎಲೆ ಉದುರಿಸಿದೆ, ಯಾವುದು ಹೂಬಿಟ್ಟಿದೆ ಎಂಬುದನ್ನೂ ಗುರುತು ಹಾಕಿ. ಒಂದು ವರ್ಷದ ಬರವಣಿಗೆ ಸುಳಿವು ಕೊಡುತ್ತದೆ, ಎರಡನೆಯ ವರ್ಷವೂ ಅದೇ ವಾರಗಳು ಮರುಕಳಿಸಿದರೆ ಅನುಮಾನ ಗಟ್ಟಿಯಾಗುತ್ತದೆ. ವರ್ಷವಿಡೀ ಒಂದೇ ತೆರನಾಗಿ ತೊಂದರೆಯಿದ್ದರೆ ಹಾಸಿಗೆಯ ಧೂಳಿನಲ್ಲಿರುವ ಹುಳುಗಳನ್ನು, ಮಳೆಗಾಲದಲ್ಲಿ ಹೆಚ್ಚಿದರೆ ಬೂಷ್ಟನ್ನು ಶಂಕಿಸುವುದು ಸರಿ.

ಬೆಳಗಿನ ತೇವ ಆರಿ ಬಿಸಿಲೇರಿದಂತೆ ಪರಾಗಕೋಶಗಳು ಒಡೆಯುವುದರಿಂದ ಒಣ ಗಾಳಿ ಬೀಸುವ ದಿನಗಳು ಕಷ್ಟಕರ. ಎಡೆಬಿಡದೆ ಸುರಿಯುವ ಮಳೆ ಗಾಳಿಯನ್ನು ತೊಳೆಯುತ್ತದೆ. ಗುಡುಗು ಮಳೆಯ ಆರಂಭ ಮಾತ್ರ ಬೇರೆ, ಆಗ ಪರಾಗದ ಕಣಗಳು ಒಡೆದು ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ ಚೂರುಗಳಾಗಬಲ್ಲವು. 2016ರ ನವೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಹುಲ್ಲಿನ ಪರಾಗದಿಂದ ಹೀಗಾಗಿ ಸಾವಿರಾರು ಜನರು ಉಸಿರಾಟದ ತೊಂದರೆಯಿಂದ ಆಸ್ಪತ್ರೆಗಳಿಗೆ ಧಾವಿಸಬೇಕಾಯಿತು. ಉಬ್ಬಸವಿರುವವರು ಅಂತಹ ಹೊತ್ತಿನಲ್ಲಿ ಕಿಟಕಿ ಮುಚ್ಚಿ ಒಳಗಿರಬೇಕು.

ನಿಮ್ಮ ಋತು ಗೊತ್ತಾದ ಮೇಲೆ ಆ ವಾರಗಳಲ್ಲಿ ಬಟ್ಟೆಯನ್ನು ಒಳಗೆ ಒಣಗಿಸಿ, ಹೊರಗಿನಿಂದ ಬಂದೊಡನೆ ಮುಖ ತೊಳೆದು ಬಟ್ಟೆ ಬದಲಿಸಿ, ಮಲಗುವ ಮುನ್ನ ತಲೆಗೂದಲನ್ನು ತೊಳೆಯಿರಿ. ಉಪ್ಪುನೀರಿನಿಂದ ಮೂಗು ತೊಳೆಯುವವರು ಕುದಿಸಿ ಆರಿಸಿದ ನೀರನ್ನೇ ಬಳಸಬೇಕು. ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡ್ ಔಷಧ ಪೂರ್ಣ ಫಲ ಕೊಡಲು ಕೆಲವು ದಿನಗಳಿಂದ ವಾರಗಳೇ ಹಿಡಿಯುವುದರಿಂದ, ಋತು ಆರಂಭವಾಗುವ ಮುನ್ನವೇ ವೈದ್ಯರನ್ನು ಕಾಣುವುದು ಲೇಸು. ಯಾವ ಪರಾಗ ಎಂಬುದನ್ನು ಚರ್ಮದ ಪರೀಕ್ಷೆಯಿಂದ ತಿಳಿಯಬಹುದು. ಅಲರ್ಜಿಯ ಮಾತ್ರೆಗಳು ಅದರ ಫಲಿತಾಂಶವನ್ನು ಮರೆಮಾಚುವುದರಿಂದ, ಅವನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಮುಂಚಿತವಾಗಿಯೇ ಕೇಳಿಕೊಳ್ಳಿ.