ಬ್ರೌಸರಿನಲ್ಲೇ ಉಕ್ತಲೇಖನ: ತರಗತಿಗೆ ಸಾಕಾಗುವ ಎರಡು ಉಚಿತ ಆಡಿಯೊ ಉಪಕರಣಗಳು

ತರಗತಿಗೆ ಆಡಿಯೊ ತಯಾರಿಸಲು ಸಾಫ್ಟ್‌ವೇರ್ ಕೊಳ್ಳಬೇಕಿಲ್ಲ, ಇನ್‌ಸ್ಟಾಲ್ ಕೂಡ ಮಾಡಬೇಕಿಲ್ಲ. ರೆಕಾರ್ಡ್ ಮಾಡಿ ಲಿಂಕ್ ಕೊಡುವುದಕ್ಕೆ ವೊಕಾರೂ (Vocaroo), ಕತ್ತರಿಸಿ ಜೋಡಿಸುವುದಕ್ಕೆ ಆಡಿಯೊಮಾಸ್ (AudioMass) ಎಂಬ ಜಾಲತಾಣಗಳಿವೆ. ಈ ಎರಡು ಕೈಗೆ ಹತ್ತಿದರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ. ಎರಡಕ್ಕೂ ಖಾತೆ ತೆರೆಯುವ ಗೋಜಿಲ್ಲ, ಹಾಗಾಗಿ ಮಕ್ಕಳ ಇಮೇಲ್ ವಿಳಾಸ ಕೇಳುವ ಪ್ರಮೇಯವೇ ಬರುವುದಿಲ್ಲ. ಒಂದು ಉಕ್ತಲೇಖನ ತಯಾರಿಸುತ್ತಾ ಇವುಗಳ ಬಳಕೆ ನೋಡೋಣ.

ವೊಕಾರೂ ತೆರೆದು ರೆಕಾರ್ಡ್ ಬಟನ್ ಒತ್ತಿದ ಕೂಡಲೇ ಬ್ರೌಸರ್ ಮೈಕ್ ಬಳಸಲು ಅನುಮತಿ ಕೇಳುತ್ತದೆ. ಅವಸರದಲ್ಲಿ ‘ಬ್ಲಾಕ್’ ಒತ್ತಿಬಿಟ್ಟರೆ ಅದು ಮತ್ತೆ ಕೇಳುವುದಿಲ್ಲ. ‘ಮೈಕ್ ಕೆಟ್ಟಿದೆ’ ಎಂಬ ದೂರುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುವುದು. ವೆಬ್ ವಿಳಾಸದ ಪಕ್ಕದ ಚಿಹ್ನೆ ಒತ್ತಿ, ಮೈಕ್ರೊಫೋನಿಗೆ ‘ಅಲೋ’ ಕೊಟ್ಟು, ಪುಟವನ್ನು ರಿಫ್ರೆಶ್ ಮಾಡಿ.

ಬ್ಲೂಟೂತ್ ಇಯರ್‌ಫೋನ್ ಬೇಡ. ಅದರ ಮೈಕ್ ಚಾಲೂ ಆದಾಗ ಅದು ಸಾಮಾನ್ಯವಾಗಿ ಫೋನ್ ಕರೆಯ ಮೋಡ್‌ಗೆ ಇಳಿಯುತ್ತದೆ, ದನಿ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ವೈರ್ ಇರುವ ಸಾದಾ ಇಯರ್‌ಫೋನ್ ಇದಕ್ಕಿಂತ ಎಷ್ಟೋ ವಾಸಿ. ಮೈಕ್ ಬಾಯಿಂದ 15–20 ಸೆಂ.ಮೀ. ದೂರದಲ್ಲಿ, ನೇರ ಎದುರಿಗಲ್ಲದೆ ತುಸು ಪಕ್ಕಕ್ಕಿರಲಿ. ಎದುರಿಗಿದ್ದರೆ ‘ಫಲ’, ‘ಭಾರ’ ಎನ್ನುವಾಗ ಉಸಿರು ನೇರ ಮೈಕಿಗೆ ಬಡಿದು ‘ಧಡ್’ ಎಂಬ ಸದ್ದು ಬರುತ್ತದೆ. ಮಹಾಪ್ರಾಣವನ್ನು ಒತ್ತಿ ಹೇಳಬೇಕಾದ ಉಕ್ತಲೇಖನದಲ್ಲಿ ಇದು ಹೆಜ್ಜೆಹೆಜ್ಜೆಗೂ ಕಾಡುತ್ತದೆ. ಫ್ಯಾನ್ ಆರಿಸಿ. ಓದುವ ಮೊದಲು ಐದು ಸೆಕೆಂಡ್ ಸುಮ್ಮನಿರಿ. ಆ ಮೌನಕ್ಕೆ ಆಮೇಲೆ ಕೆಲಸವಿದೆ.

ಮಕ್ಕಳು ಬರೆದುಕೊಳ್ಳಲೆಂದು ಓದುತ್ತಲೇ ನಿಲ್ಲಿಸಬೇಡಿ. ಬಿಡುವಿನಲ್ಲೇ ಕೆಮ್ಮು, ಕಾಗದದ ಸರಪರ ಎಲ್ಲ ಸೇರಿಕೊಳ್ಳುವುದು. ಮೊದಲು ಇಡೀ ವಾಕ್ಯ, ಆಮೇಲೆ ಅದನ್ನೇ ಮೂರು ನಾಲ್ಕು ಪದಗಳ ತುಂಡುಗಳಾಗಿ ಒಂದೇ ಓಟದಲ್ಲಿ ಓದಿ. ತಪ್ಪಿದರೆ ನಿಲ್ಲಿಸದೆ ಆ ತುಂಡನ್ನೇ ಮತ್ತೆ ಹೇಳಿ. ಮುಗಿದ ಮೇಲೆ ಎಂಪಿ3 ಡೌನ್‌ಲೋಡ್ ಮಾಡಿಯೇ ಟ್ಯಾಬ್ ಮುಚ್ಚಿ. ಉಳಿಸದೆ ಮುಚ್ಚಿದ ರೆಕಾರ್ಡಿಂಗ್ ಮರಳಿ ಸಿಗುವುದಿಲ್ಲ.

ಈಗ ಆ ಫೈಲನ್ನು ಆಡಿಯೊಮಾಸ್ ಪುಟದ ಮೇಲೆ ಎಳೆದು ಬಿಡಿ. ಇದು ನಿಮ್ಮ ಕಂಪ್ಯೂಟರಿನೊಳಗೇ ಕೆಲಸ ಮಾಡುತ್ತದೆ, ದನಿ ಯಾವ ಸರ್ವರಿಗೂ ಹೋಗುವುದಿಲ್ಲ. ತಪ್ಪಿದ ಜಾಗವನ್ನು ಮೌಸಿನಿಂದ ಎಳೆದು ಆಯ್ದು ಅಳಿಸಿ. ಬಳಿಕ ಆರಂಭದ ಮೌನವನ್ನು ಕಾಪಿ ಮಾಡಿ ಪ್ರತಿ ತುಂಡಿನ ನಂತರ ಪೇಸ್ಟ್ ಮಾಡುತ್ತಾ ಹೋಗಿ. ಪೂರ್ತಿ ನಿಶ್ಶಬ್ದ ತುಂಬಿದರೆ ಆಡಿಯೊ ನಿಂತುಹೋಯಿತೇನೋ ಎಂದು ಮಕ್ಕಳು ಫೋನ್ ತಟ್ಟುತ್ತಾರೆ. ಕೋಣೆಯದ್ದೇ ಮೌನವಾದರೆ ಗೊತ್ತೇ ಆಗುವುದಿಲ್ಲ. ಬಿಡುವು ಎಷ್ಟಿರಬೇಕು? ಆ ತುಂಡನ್ನು ನೀವೇ ಬರೆದು ನೋಡಿ, ಹಿಡಿದ ಹೊತ್ತಿನ ಎರಡರಷ್ಟು ಕೊಡಿ.

ದನಿ ಸಣ್ಣದಾಗಿದ್ದರೆ ಎಫೆಕ್ಟ್‌ಗಳಲ್ಲಿ ‘ನಾರ್ಮಲೈಸ್’ ಇದೆ. ಆದರೆ ಅದು ಮಾತಿನ ಜೊತೆ ಹಿನ್ನೆಲೆಯ ಗುಂಯ್‌ಗುಡುವಿಕೆಯನ್ನೂ ಅಷ್ಟೇ ಏರಿಸುತ್ತದೆ. ಇನ್ನು ಪರದೆಯ ಮೇಲೆ ಕಾಣುವ ದನಿಯ ಅಲೆಗಳ ತುದಿ ಕತ್ತರಿಸಿದಂತೆ ಚಪ್ಪಟೆಯಾಗಿ ಕಂಡರೆ ದನಿ ಒಡೆದಿದೆ ಎಂದರ್ಥ. ಸರಿಪಡಿಸಲು ಒದ್ದಾಡುವುದಕ್ಕಿಂತ ತುಸು ದೂರ ಕೂತು ಮತ್ತೆ ಓದುವುದೇ ಬೇಗ.

ಎಕ್ಸ್‌ಪೋರ್ಟ್ ಮಾಡುವಾಗ ಎಂಪಿ3, 128 ಕೆಬಿಪಿಎಸ್, ಮೊನೊ ಆಯ್ದುಕೊಳ್ಳಿ. ನಿಮಿಷಕ್ಕೆ ಸುಮಾರು 1 ಎಂಬಿ ಆಗುತ್ತದೆ. ಅದೇ ಸ್ಟೀರಿಯೊ ವೇವ್ ಫೈಲಾದರೆ ನಿಮಿಷಕ್ಕೆ 10 ಎಂಬಿ. ಮಾತಿಗೆ ಅದು ಬರೀ ಭಾರ.

ಸಿದ್ಧವಾದ ಫೈಲನ್ನು ವೊಕಾರೂಗೇ ಅಪ್‌ಲೋಡ್ ಮಾಡಿದರೆ ಲಿಂಕ್ ಜೊತೆ ಕ್ಯೂಆರ್ ಕೋಡ್ ಸಿಗುತ್ತದೆ, ಅಭ್ಯಾಸ ಹಾಳೆಯ ಮೂಲೆಯಲ್ಲಿ ಮುದ್ರಿಸಬಹುದು. ಆದರೆ ವೊಕಾರೂ ಯಾವುದನ್ನೂ ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ. ಮುಂದಿನ ವರ್ಷವೂ ಬೇಕಾಗುವ ಪಾಠವಾದರೆ ಗೂಗಲ್ ಡ್ರೈವಿಗೆ ಹಾಕಿ, ‘ಲಿಂಕ್ ಇರುವ ಯಾರಾದರೂ’ ನೋಡುವಂತೆ ಅನುಮತಿ ಬದಲಿಸಿ. ಇದನ್ನು ಮರೆತರೆ ಪ್ರತಿ ಮಗುವಿನಿಂದಲೂ ಒಂದೊಂದು ಅನುಮತಿ ಕೋರಿಕೆ ಬಂದು ಬೀಳುತ್ತದೆ. ಲಿಂಕನ್ನು ಒಮ್ಮೆ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ ಆಮೇಲೆ ಕಳಿಸಿ.

ಮಕ್ಕಳು ಗಟ್ಟಿ ಓದನ್ನು ರೆಕಾರ್ಡ್ ಮಾಡಿ ಕಳಿಸುವುದಕ್ಕೂ ವೊಕಾರೂ ಸಾಕು. ಎರಡೇ ಷರತ್ತು ಹಾಕಿ. ಒಂದು, ಒಂದು ನಿಮಿಷ ಮೀರಬಾರದು: ನಲವತ್ತು ಮಕ್ಕಳು ಎರಡೆರಡು ನಿಮಿಷ ಓದಿದರೆ ನೀವು ಎಂಬತ್ತು ನಿಮಿಷ ಕಿವಿಗೊಡಬೇಕು. ಎರಡು, ಓದು ಶುರುಮಾಡುವ ಮೊದಲು ಕ್ರಮಸಂಖ್ಯೆ ಹೇಳಬೇಕು. ಲಿಂಕಿನಲ್ಲಿ ಬರೀ ಅಕ್ಷರ, ಅಂಕಿಗಳಿರುತ್ತವೆ. ದನಿ ಯಾರದೆಂದು ಅದು ಹೇಳುವುದಿಲ್ಲ. ಹೆಸರು ಬೇಡ, ಲಿಂಕ್ ಸಿಕ್ಕವರೆಲ್ಲ ಕೇಳಬಹುದಲ್ಲ.