ಜೆರಾಕ್ಸ್ ಅಂಗಡಿಯಲ್ಲಿ ನಿಂತ ಹೆಂಗಸು ಯಾರ ಜೊತೆ ಮಾತಾಡ್ತಾಳೆ?

ಕಲಬುರಗಿಯಲ್ಲಿ ಕಾಲೇಜು ಹುಡುಗ ಹುಡುಗಿಯರ ಜೊತೆ ಸಣ್ಣ ನಾಟಕ ಮಾಡಿಸ್ತಾ ಬಂದಿದ್ದೇನೆ. ಹತ್ತು ಹನ್ನೆರಡು ನಿಮಿಷದವು. ಜೊತೆಗೆ ಒಬ್ಬರೇ ನಿಂತು ಆಡುವ ಏಕಪಾತ್ರದ ತುಣುಕುಗಳು. ಎನ್‌ಎಸ್‌ಎಸ್ ಶಿಬಿರ, ಹನುಮಂತ ದೇವರ ಕಟ್ಟೆ, ಹಾಸ್ಟೆಲ್ ಅಂಗಳ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಆಡ್ತೇವೆ. ವಿಷಯ ಮಾತ್ರ ಹಗುರದ್ದಲ್ಲ. ರೈತನ ಆತ್ಮಹತ್ಯೆ, ಬಾಲ್ಯವಿವಾಹ, ಕುಡಿತ, ಜಾತಿ, ಪುಣೆ ಮುಂಬೈಗೆ ದುಡಿಯೋಕೆ ಹೋದವರ ಮನೆ. ಇಂಥದ್ದನ್ನು ಹೇಗೆ ಬರೀತೀರಿ ಅಂತ ಆಗಾಗ ಯಾರಾದರೂ ಕೇಳ್ತಾರೆ, ಅದಕ್ಕೇ ನಾನು ಮಾಡುವ ರೀತಿ ಇಲ್ಲಿ ಹೇಳ್ತಿದ್ದೇನೆ.

ಮೊದಲು ಎರಡು ಪ್ರಶ್ನೆ. ಈ ಪಾತ್ರ ಯಾರ ಜೊತೆ ಮಾತಾಡ್ತಿದೆ? ಆಗ ಅದರ ಕೈಯಲ್ಲಿ ಏನು ಕೆಲಸ ಇದೆ? ಇವೆರಡು ಸಿಗದೆ ಪೆನ್ನು ಮುಟ್ಟೋದಿಲ್ಲ. ಏಕಪಾತ್ರ ಅಂದ್ರೆ ಪ್ರೇಕ್ಷಕರ ಕಡೆ ಮುಖ ಮಾಡಿ ಕಷ್ಟ ತೋಡಿಕೊಳ್ಳೋದು ಅಂತ ಹುಡುಗರು ತಿಳ್ಕೊಂಡಿರ್ತಾರೆ. ಯುವಜನೋತ್ಸವಗಳಲ್ಲಿ ಅವರು ನೋಡಿದ್ದು ಅದೇ ಅಲ್ವಾ. ಎದೆ ಬಡಿದುಕೊಂಡು 'ಓ ಸಮಾಜವೇ' ಅಂತ ಶುರು. ಸಮಾಜಕ್ಕೆ ಕಿವಿ ಎಲ್ಲಿದೆ?

ಒಂದು ಉದಾಹರಣೆ ಪೂರ್ತಿ ಹೇಳ್ತೇನೆ. 2022ರ ಕೊನೆಗೆ ನಮ್ಮ ಕಡೆ ತೊಗರಿಗೆ ನೆಟೆರೋಗ ಬಿತ್ತು. ಗಿಡ ನಿಂತಲ್ಲೇ ಒಣಗಿದವು. ಅದಾದ ಮೇಲೆ ಸಾಲಕ್ಕೆ ಸಿಕ್ಕಿ ಸತ್ತ ರೈತನ ಹೆಂಡತಿ ಮೇಲೆ ಒಂದು ತುಣುಕು ಬರೆಯೋಣ ಅಂತ ಕೂತೆವು. ಹೊಲದಲ್ಲಿ ಕೂತು ಅಳುವ ಹೆಂಗಸು ಬೇಡ ಅಂದೆ. ಆಕೆಗೆ ಆ ದಿನಗಳಲ್ಲಿ ನಿಜವಾಗಿ ಏನು ಕೆಲಸ ಇರುತ್ತೆ? ಕಾಗದ. ಇಂಥ ಸಾವಿಗೆ ಸರ್ಕಾರದ ಪರಿಹಾರ 5 ಲಕ್ಷ. ಅದನ್ನು ಕೇಳಬೇಕಂದ್ರೆ ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ಪಹಣಿ, ಸಾಲದ ದಾಖಲೆ, ಆಧಾರ್, ಪಾಸ್‌ಬುಕ್, ಎಲ್ಲ ಜೋಡಿಸಬೇಕು. ಕೈಸಾಲಕ್ಕೆ ಕಾಗದವೇ ಇರೋದಿಲ್ಲ. ಹೊಲ ಇನ್ನೂ ಮಾವನ ಹೆಸರಲ್ಲಿದ್ದರೆ ಸತ್ತವನು ರೈತ ಅಂತ ತೋರಿಸೋದೇ ದೊಡ್ಡ ಫಜೀತಿ. ಹಾಗಾಗಿ ಆಕೆಯನ್ನು ತಹಸೀಲ್ ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಿಲ್ಲಿಸಿದೆವು. ಮಾತೆಲ್ಲ ಅಂಗಡಿ ಹುಡುಗನ ಜೊತೆ. ಅವನು ಕಾಣೋದಿಲ್ಲ.

"ಎರಡೆರಡು ತಗಿ ತಮ್ಮಾ. ಹಿಂದ ಮುಂದ ಎರಡೂ ಕಡೆ ಬರ್ಲಿ." ಇದು ಮೊದಲ ಮಾತು. ಪಹಣಿ ಕೊಡ್ತಾಳೆ, ಪಾಸ್‌ಬುಕ್ ಕೊಡ್ತಾಳೆ. ಗಂಡನ ಆಧಾರ್ ಕಾರ್ಡಿನ ನಕಲು ಕೈಗೆ ಬಂದಾಗ, "ಫೋಟೋ ಕರ್ರಗ ಬಂದದಲ್ಲ, ಸ್ವಲ್ಪ ತಿಳಿ ಮಾಡಿ ತಗಿ, ಮುಖ ಕಾಣ್ಬೇಕು ಅಂದಾರ ಸಾಹೇಬ್ರು" ಅಂತಾಳೆ. ಕೊನೆಗೆ ಚಿಲ್ಲರೆ ಕಡಿಮೆ ಬೀಳುತ್ತೆ. ಯಾವ ಕಾಗದ ಬಿಡೋದು ಅಂತ ಆರಿಸಬೇಕು. ಅಷ್ಟೇ ನಾಟಕ. ಸಾಲ, ರೋಗ, ಸಾವು ಎಲ್ಲ ಒಂದೊಂದು ಕಾಗದದ ಜೊತೆ ತಾನಾಗಿ ಹೊರಗೆ ಬರುತ್ತೆ.

ಪಾತ್ರ ಮಾಡಿದ ಹುಡುಗಿ ತಾಲೀಮಿನಲ್ಲಿ ಮೊದಲ ಮಾತಿಗೇ ಅಳ್ತಿದ್ದಳು. ಒಳ್ಳೆ ನಟಿ, ಕಣ್ಣೀರು ಬೇಗ ಬರುತ್ತೆ, ಅದೇ ತೊಂದರೆ. ಪಾತ್ರವೇ ಎಲ್ಲ ಅತ್ತುಬಿಟ್ಟರೆ ನೋಡುವವರಿಗೆ ಉಳಿಯೋದೇನು? 'ಅಳಬೇಡ, ಕಾಗದ ಎಣಿಸು' ಅಂದೆ. ಪ್ಲಾಸ್ಟಿಕ್ ಚೀಲದ ತುಂಬ ಕಾಗದ ಹಾಕಿ, ಬೇಕಂತಲೇ ಹಿಂದುಮುಂದು ಮಾಡಿ ಕೊಟ್ಟೆವು. ಹುಡುಕೋದು, ಬೆರಳಿಗೆ ಎಂಜಲು ಹಚ್ಚಿ ಬಿಡಿಸೋದು, ತಪ್ಪಿದರೆ ಮತ್ತೆ ಎಣಿಸೋದು. ಆ ಗಡಿಬಿಡಿಯಲ್ಲಿ ಅಳೋಕೆ ಪುರಸೊತ್ತೇ ಇರಲಿಲ್ಲ. ಧ್ವನಿ ಒಣಗಿತು. ಆಗ ಮೂಲೆಯಲ್ಲಿ ಮೊಬೈಲ್ ನೋಡ್ತಾ ಕೂತಿದ್ದ ಹುಡುಗರು ತಲೆ ಎತ್ತಿದರು.

ಈ ವಿಷಯದಲ್ಲಿ ನಾನು ಬಿಟ್ಟುಕೊಡದ ನಿಯಮಗಳಿವೆ. ಸಾಯುವ ದೃಶ್ಯ ಇಲ್ಲ. ಹಗ್ಗ, ಔಷಧದ ಡಬ್ಬಿ ಆಟದ ಜಾಗಕ್ಕೆ ಬರೋದಿಲ್ಲ. ಹೇಗೆ ಸತ್ತ ಅನ್ನೋ ಮಾತೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಿನಿಮಾ ಮತ್ತು ರಂಗಭೂಮಿಯವರಿಗಾಗಿಯೇ ಕೊಟ್ಟ ಮಾರ್ಗದರ್ಶಿಯಲ್ಲೂ ಇದೇ ಎಚ್ಚರಿಕೆ ಇದೆ, ಆದರೆ ಅದನ್ನು ಓದದೆ ಇದ್ದರೂ ಕಟ್ಟೆ ಮೇಲೆ ಕೂತವರ ಮುಖ ನೋಡಿದರೆ ಈ ಎಚ್ಚರ ಯಾಕೆ ಬೇಕಂತ ಗೊತ್ತಾಗುತ್ತೆ, ಅವರಲ್ಲಿ ಯಾರ ತಲೆಯಲ್ಲಿ ಏನು ಓಡ್ತಿದೆಯೋ ನಮಗೇನು ಗೊತ್ತು. ಅದಕ್ಕೇ ಆ ತುಣುಕಿನಲ್ಲಿ ಪರಿಹಾರದ ದುಡ್ಡು ಬಂದ ಹಾಗೆ ತೋರಿಸೋದಿಲ್ಲ. ಸಾಲ ಕೊಟ್ಟವರ ಕಾಟದಲ್ಲಿ ಬೇಯ್ತಿರುವ ಒಬ್ಬ ಹಿಂದಿನ ಸಾಲಿನಲ್ಲಿ ಕೂತು, 'ನಾ ಹೋದ್ರ ಮನಿಯವ್ರಿಗೆ 5 ಲಕ್ಷ ಬರ್ತದ' ಅಂತ ಲೆಕ್ಕ ಹಾಕುವಂತಾಗಬಾರದು.

ಭಾಷೆ ವಿಚಾರಕ್ಕೆ ಬಂದರೆ, ಪಾತ್ರಗಳು ನಮ್ಮ ಮಾತೇ ಆಡ್ತವೆ. ಒಂದು ಕಿರಿಕಿರಿ ಇದೆ. ಟೀವಿಯಲ್ಲಿ, ಕಾಮಿಡಿ ಶೋಗಳಲ್ಲಿ ನಮ್ಮ ಕಡೆಯ ಮಾತು ಅಂದ್ರೆ ನಗು ಅಂತ ಆಗಿಬಿಟ್ಟಿದೆ, ನಮ್ಮ ಜನವೇ ಅದಕ್ಕೆ ಹೊಂದಿಕೊಂಡಿದ್ದಾರೆ. ಶುರುವಲ್ಲಿ ಯಾರೋ ಕಿಸಕ್ಕನೆ ನಗ್ತಾರೆ. ನಗಲಿ ಬಿಡಿ. ನಾನೇ ಮೊದಲ ಎರಡು ನಿಮಿಷದಲ್ಲಿ ನಗೋಕೆ ಜಾಗ ಇಟ್ಟಿರ್ತೇನೆ. ಆ ನಗು ಖರ್ಚಾದ ಮೇಲೆ ಮುಂದಿನ ಮಾತು ಸೀದಾ ಒಳಗೆ ಇಳಿಯುತ್ತೆ.

ಜಾತಿ ಮೇಲೆ ಆಡೋದು ಇದಕ್ಕಿಂತ ಕಷ್ಟ. ಬೈದು ಎದ್ದು ಹೋಗ್ತಾರೆ ಅಂತಲ್ಲ. ಎಲ್ಲರೂ ಒಪ್ಪಿಬಿಡ್ತಾರೆ, ಅದೇ ಕಷ್ಟ. ಬಸವಕಲ್ಯಾಣ ಪಕ್ಕದಲ್ಲೇ ಇದೆ, ಶರಣರ ನಾಡು ನಮ್ಮದು. ಪಾತ್ರ ಒಂದು ವಚನ ಹೇಳಿದರೆ ಸಾಕು, ಜೋರು ಚಪ್ಪಾಳೆ. ಚಪ್ಪಾಳೆ ಹೊಡೆದವರು ಹೋಟೆಲಿನಲ್ಲಿ ಬೇರೆ ಲೋಟ ಇಟ್ಟವರೂ ಹೌದು. ಅಲ್ಲಿಗೆ ಲೆಕ್ಕ ಚುಕ್ತಾ ಆಯ್ತು ಅಂತ ಮನೆಗೆ ಹೋಗ್ತಾರೆ. ಆದ್ದರಿಂದ ಜಾತಿ ನಾಟಕದಲ್ಲಿ ವಚನ ಇಡೋದು ಬಿಟ್ಟಿದ್ದೇನೆ. ಲೋಟ ತೊಳೆಯುವ ಹುಡುಗ, ಯಾವ ಲೋಟ ಯಾರದು ಅಂತ ಮರೆತ ಒಂದು ಬೆಳಗ್ಗೆ, ಅಷ್ಟು ಸಾಕು. ಚಪ್ಪಾಳೆ ಬೀಳೋದು ಕಡಿಮೆ.

ಬಾಲ್ಯವಿವಾಹದ ನಾಟಕದಲ್ಲೂ ಕೈಗೆ ಕೆಲಸ ಹುಡುಕಿದೆವು. ಹತ್ತನೇ ಕ್ಲಾಸಿನ ಹುಡುಗಿ ವಿಜ್ಞಾನ ಬಾಯಿಪಾಠ ಮಾಡ್ತಿದ್ದಾಳೆ, ಟೇಲರ್ ಹೆಂಗಸು ಮದುವೆ ಕುಪ್ಪಸಕ್ಕೆ ಅಳತೆ ತಗೊಳ್ತಿದ್ದಾಳೆ. ಕೈ ಎತ್ತು, ತಿರುಗು, ಉಸಿರು ಬಿಡು. ನಡುವೆ ದ್ಯುತಿಸಂಶ್ಲೇಷಣೆಯ ಸಮೀಕರಣ. ಆಮೇಲೆ ಟೇಲರ್ ತಾಯಿಯನ್ನು ಕೇಳ್ತಾಳೆ: "ಎಷ್ಟು ಸಡ್ಲ ಬಿಡ್ಲಿ ಅಕ್ಕಾ? ಬೆಳಿಯೋ ಹುಡುಗಿ." ಅಲ್ಲಿ ನಿಲ್ಲಿಸಿ, ಈಗ ಏನಾಗಬೇಕು ಅಂತ ಜನರನ್ನೇ ಕೇಳ್ತೇವೆ. ಬ್ರೆಜಿಲ್‌ನ ಆಗಸ್ಟೋ ಬೋಲ್ ರೂಢಿಗೆ ತಂದ ಫೋರಂ ಥಿಯೇಟರ್ ಇದು, ನೋಡುವವರು ಎದ್ದು ಬಂದು ಪಾತ್ರದ ಜಾಗ ಹಿಡಿದು ಕತೆ ತಿರುಗಿಸಬಹುದು. ನಮ್ಮ ಹಳ್ಳಿಗಳಲ್ಲಿ ಹೆಂಗಸರು ಎದ್ದು ಬರೋದು ಕಡಿಮೆ, ಕೂತಲ್ಲಿಂದಲೇ ಹೇಳ್ತಾರೆ. ಗಂಡಸರು ಮಾತ್ರ ಕೂಡಲೇ ಎದ್ದು ತಂದೆಗೆ ಭಾಷಣ ಶುರು ಮಾಡ್ತಾರೆ. ಚಿತ್ತಾಪುರ ತಾಲೂಕಿನ ಒಂದು ಊರಲ್ಲಿ ಹೀಗೇ ಬುದ್ಧಿಮಾತು ನಡೀತಿದ್ದಾಗ ಒಬ್ಬ ಮುದುಕಿ ಸೆರಗು ಸರಿಮಾಡಿಕೊಂಡು, "ಆ ಹೊಲಿಯಾಕಿನೇ ನಾ ಹೊಲಿಯಲ್ಲ ಅನ್ಬೇಕು" ಅಂದಳು.

ನಮಗೆ ಹೊಳೆದಿರಲಿಲ್ಲ. ಮತ್ತೆ ಆಡಿದೆವು, ಟೇಲರ್ ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡಳು. ತಕ್ಷಣ ಗಲಾಟೆ! ಅಡುಗೆಯವನು ಬರಲ್ಲ ಅನ್ನಬೇಕು, ಪತ್ರಿಕೆ ಅಚ್ಚು ಹಾಕುವವನು ವಯಸ್ಸು ಕೇಳಬೇಕು, ಹೀಗೆ ಜನ ತಾವಾಗಿಯೇ ಬೆಳೆಸಿದರು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಕೂಡ ತಂದೆತಾಯಿಗೆ ಮಾತ್ರ ಅಲ್ಲ, ಮದುವೆ ನಡೆಸಿದವರಿಗೆ, ಅದಕ್ಕೆ ಕುಮ್ಮಕ್ಕು ಕೊಟ್ಟವರಿಗೂ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಅನ್ನುತ್ತೆ. ನಾವು ಅದನ್ನು ನಾಟಕದ ಒಳಗೆ ಹೇಳೋದಿಲ್ಲ. ಮುಗಿದ ಮೇಲೆ ಯಾರಾದರೂ ಕೇಳಿದರೆ ಹೇಳ್ತೇವೆ.

ನಟರ ಬಗ್ಗೆ ಎರಡು ಮಾತು. ಸ್ವಂತ ಮನೆಯ ಕತೆ ಸ್ವಂತವಾಗಿ ಆಡಬಾರದು. ಒಬ್ಬ ಹುಡುಗ ಕುಡುಕ ತಂದೆಯ ಪಾತ್ರ ನಾನೇ ಮಾಡ್ತೇನೆ, ನನಗೆ ಚೆನ್ನಾಗಿ ಗೊತ್ತು ಅಂದ. ಚೆನ್ನಾಗಿ ಗೊತ್ತಿರೋದಕ್ಕೇ ಬೇಡ ಅಂದೆ, ಅವನಿಗೆ ಪಕ್ಕದ ಮನೆಯವನ ಪಾತ್ರ ಕೊಟ್ಟೆ. ಆಟ ಮುಗಿದ ಕೂಡಲೇ ಮುಖ ತೊಳೆದು, ಸಾಮಾನು ಕೆಳಗಿಟ್ಟು, ಪ್ರತಿಯೊಬ್ಬರೂ ತಮ್ಮ ಹೆಸರು, ಊರು ಜೋರಾಗಿ ಹೇಳಬೇಕು. ಆಮೇಲೆ ಸುಸಲಾ, ಮಿರ್ಚಿ. ಸುಮ್ನೆ ಆಟದ ಹಾಗೆ ಕಾಣುತ್ತೆ, ಆದರೆ ಆ ಪಾತ್ರವನ್ನು ಹೊತ್ತುಕೊಂಡು ರಾತ್ರಿ ಹಾಸ್ಟೆಲಿಗೆ ಹೋಗೋದು ಒಳ್ಳೆಯದಲ್ಲ. ತಾಲೀಮಿನ ವೇಳೆ ಕೊನೆ ಬಸ್ಸಿನ ಮೇಲೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಳಂದ, ಜೇವರ್ಗಿ ಕಡೆಯ ಹುಡುಗಿಯರು ಜಾಸ್ತಿ ಬರ್ತಿದ್ದಾರೆ.

ಆಟದ ಜಾಗದಲ್ಲಿ ಒಂದು ರಟ್ಟಿನ ಮೇಲೆ ಎರಡು ನಂಬರ್ ದೊಡ್ಡದಾಗಿ ಬರೆದಿಡ್ತೇವೆ. ಮಕ್ಕಳ ಸಹಾಯವಾಣಿ 1098, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಆದರೆ ಎಲ್ಲರ ಎದುರು ಯಾರೂ ಅದನ್ನು ಬರೆದುಕೊಳ್ಳೋದಿಲ್ಲ. ಜಮಖಾನ ಮಡಚುವ ಹೊತ್ತಿಗೆ ಯಾರೋ ಒಬ್ಬರು ಹತ್ತಿರ ಬಂದು, ನೀರು ಬೇಕಾ ಅಂತ ಕೇಳ್ತಾ ನಿಲ್ತಾರೆ. ಹಾಗಾಗಿ ನಮ್ಮಲ್ಲಿ ಒಬ್ಬಳು ಬೇಕಂತಲೇ ನಿಧಾನವಾಗಿ ಮಡಚುತ್ತಾಳೆ.

ಈಗ ಪುಣೆಯ ಕಟ್ಟಡ ಕೆಲಸ ಬಿಟ್ಟು ಊರಿಗೆ ವಾಪಸ್ ಬಂದ ಗಂಡಸಿನ ಏಕಪಾತ್ರ ಬರೀತಿದ್ದೇನೆ. ಪಾತ್ರದ ಕೈಗೆ ಕೆಲಸ ಸಿಕ್ಕಿದೆ, ಗೋಡೆಗೆ ಗಿಲಾವು ಮಾಡ್ತಾನೆ, ತನ್ನದೇ ಮನೆಯ ಗೋಡೆ. ಯಾರ ಜೊತೆ ಮಾತಾಡ್ತಾನೆ ಅನ್ನೋದು ಇನ್ನೂ ಸಿಕ್ಕಿಲ್ಲ. ಹೆಂಡತಿ ಜೊತೆ ಇಟ್ಟರೆ ಜಗಳ ಆಗುತ್ತೆ, ಗೆಳೆಯನ ಜೊತೆ ಇಟ್ಟರೆ ಬಡಾಯಿ. ಅಪ್ಪನ ಮುಖವನ್ನೇ ಸರಿಯಾಗಿ ನೋಡದ ಅವನ ಆರು ವರ್ಷದ ಮಗ ಸಿಮೆಂಟು ಕಲಸಿಕೊಡ್ತಿದ್ದರೆ ಹೇಗೆ ಅಂತ ಒಂದು ಹುಡುಗಿ ಹೇಳಿದ್ದಾಳೆ. ಈ ವಾರ ಅದನ್ನೇ ಆಡಿ ನೋಡ್ತೇವೆ.